ಬೀಗದ ಮನೆಗೆ 'ಹೋಂಸ್ಟೇ' ಫಲಕ

ಡೊಂಬಿವಲಿ, ಕಲ್ಯಾಣ, ಠಾಣೆಗಳ ನಮ್ಮ ಸಮಾರಂಭಗಳಲ್ಲಿ 'ಊರು' ಎಂಬ ಶಬ್ದ ಕೇಳಿದೊಡನೆ ಸಭಿಕರ ಕಣ್ಣು ತೇವಗೊಳ್ಳುತ್ತದೆ. ಅದೇ ಊರಿನ ಪಿತ್ರಾರ್ಜಿತ ಮನೆಯನ್ನು ಬೆಂಗಳೂರಿನ ಪ್ರವಾಸಿಗಳಿಗೆ ದಿನಬಾಡಿಗೆಗೆ ಕೊಟ್ಟು, ಬೀಗದ ಕೈಯನ್ನು ಕಾವಲುಗಾರನ ಬಳಿ ಇರಿಸಿ, ಹಣವನ್ನು ಇಲ್ಲಿನ ಬ್ಯಾಂಕಿನ ಖಾತೆಗೆ ಬರಮಾಡಿಕೊಳ್ಳುವವರೂ ಆ ಸಭಿಕರಲ್ಲೇ ಇದ್ದಾರೆ. ಈ ವಿರೋಧಾಭಾಸವನ್ನು ಯಾರೂ ಎತ್ತಿ ಆಡುತ್ತಿಲ್ಲವಾದ್ದರಿಂದ ನಾನು ಆಡಬೇಕಾಗಿದೆ.

ಮೊದಲು ಹೆಸರಿನ ಮಾತು. ಹೋಂಸ್ಟೇ ಎಂದರೆ ಮನೆಯವರಿರುವ ಮನೆಯಲ್ಲಿ ಅತಿಥಿಯೂ ತಂಗುವುದು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಯೋಜನೆಯಲ್ಲಿ ಮಾನ್ಯತೆ ಬೇಕಾದರೆ ಮಾಲೀಕನು ಕುಟುಂಬಸಮೇತ ಅಲ್ಲಿಯೇ ವಾಸಿಸಬೇಕು. ಬಾಡಿಗೆಯ ಕೋಣೆಗಳು 6ನ್ನು ಮೀರಕೂಡದು. ಕುಂದಾಪುರದ ಕಡೆಯ ಗೃಹಿಣಿಯೊಬ್ಬಳು ಚಾವಡಿಯ ಪಕ್ಕದ ಕೋಣೆಯಲ್ಲಿ ಅತಿಥಿಯನ್ನು ಇಳಿಸಿಕೊಂಡು, ನೀರುದೋಸೆ ಬಡಿಸಿ ನಾಲ್ಕು ಕಾಸು ಸಂಪಾದಿಸಿದರೆ ಅದು ಶ್ಲಾಘ್ಯವೇ. ನನ್ನ ತಕರಾರಿರುವುದು ಒಲೆ, ಪಾತ್ರೆ, ಸಿಲಿಂಡರ್ ಇಟ್ಟು 'ನೀವೇ ಬೇಯಿಸಿಕೊಳ್ಳಿ' ಎಂದು ಬಿಟ್ಟುಬಿಡುವ ಒಡೆಯರಿಲ್ಲದ ಮನೆಗಳ ಬಗ್ಗೆ. ಅದು ಆತಿಥ್ಯವಲ್ಲ, ಬರಿಯ ಬಾಡಿಗೆ.

ಬ್ರಿಟನ್ನಿನ ವೇಲ್ಸ್ ಸೀಮೆ ಈ ದಾರಿಯಲ್ಲಿ ನಮಗಿಂತ ಮುಂದೆ ಹೋಗಿ ನೊಂದಿದೆ. 2021ರ ಜನಗಣತಿಯಂತೆ ಅಲ್ಲಿ ವೇಲ್ಸ್ ಭಾಷೆ ಬಲ್ಲವರು ಶೇ. 17.8 ಮಾತ್ರ. ಆ ಭಾಷೆ ಇನ್ನೂ ಬಹುಜನರ ನಾಲಗೆಯ ಮೇಲಿರುವ ಗ್ವಿನೆಡ್ ಜಿಲ್ಲೆಯ ಕಡಲತಡಿಯಲ್ಲಿಯೇ ಹೊರಗಿನವರ ರಜೆಯ ಕುಟೀರಗಳು ಹೆಚ್ಚಿದವು. ಅಬರ್‌ಸಾಕ್ ಎಂಬ ಹಳ್ಳಿಯ ಶಾಲೆ ಸಾಕಷ್ಟು ಮಕ್ಕಳಿಲ್ಲದೆ 2021ರ ಕೊನೆಯಲ್ಲಿ ಮುಚ್ಚಿತು. 1979ರಿಂದ ಹತ್ತಕ್ಕೂ ಹೆಚ್ಚು ವರ್ಷ ಕೆಲವರು ಇಂಥ ಕುಟೀರಗಳಿಗೆ ಬೆಂಕಿಯನ್ನೇ ಇಟ್ಟರು. ಅದು ಸರ್ವಥಾ ಖಂಡನೀಯ. ಕಾನೂನು ಎಚ್ಚೆತ್ತದ್ದು ತಡವಾಗಿ. 2023ರ ಏಪ್ರಿಲ್‌ನಿಂದ ಅಲ್ಲಿನ ಸ್ಥಳೀಯ ಮಂಡಲಿಗಳು ಎರಡನೆಯ ಮನೆಗಳ ಮೇಲೆ ಶೇ. 300ರವರೆಗೆ ಹೆಚ್ಚುವರಿ ತೆರಿಗೆ ಹೇರಬಹುದು.

ಅಲ್ಲಿ ಬಂದವರು ಅನ್ಯಭಾಷಿಕರು. ನಮ್ಮಲ್ಲಿಯಾದರೋ ಹೊರಗಿನವನ ಪಾತ್ರವನ್ನು ಮನೆಮಗನೇ ವಹಿಸಿದ್ದಾನೆ!

ದೂರವೇಕೆ, ಅಲಿಬಾಗ್, ಕರ್ಜತ್‌ಗಳತ್ತ ನೋಡಿರಿ. ಮುಂಬಯಿಯ ಹಣ ಅಲ್ಲಿನ ವಾಡಿಗಳನ್ನು ವಾರಾಂತ್ಯದ ಬಂಗಲೆಗಳನ್ನಾಗಿಸಿತು. ನೆಲ ಮಾರಿದವನು ಅದೇ ನೆಲದ ಕಾವಲಿಗೆ ನಿಂತ. ನಮ್ಮ ಕರಾವಳಿಯಲ್ಲಿ 1974ರ ಭೂಸುಧಾರಣೆಯಿಂದ ಗೇಣಿದಾರ ಒಡೆಯನಾದ. ಅವನ ಮಕ್ಕಳಲ್ಲಿ ಹಲವರು ಹೋಟೆಲು, ಕಚೇರಿಗಳನ್ನು ಅರಸಿ ಮುಂಬಯಿಗೆ ಬಂದರು. 2020ರಲ್ಲಿ ಕರ್ನಾಟಕ ಸರ್ಕಾರ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿದ ಮೇಲೆ ಕೃಷಿಕನಲ್ಲದವನೂ ಕೃಷಿಭೂಮಿ ಕೊಳ್ಳಬಹುದು. ಉಳುವವನಿಗೆ ದಕ್ಕಿದ ಹಕ್ಕುಪತ್ರ ಪ್ರವಾಸಿಯ ರಸೀದಿಯಾಗಲು ಐವತ್ತು ವರ್ಷ ಸಾಕಾಯಿತು.

"ಮಾಡು ಸೋರುತ್ತದೆ, ಗೆದ್ದಲು ಹಿಡಿಯುತ್ತದೆ, ಹಂಚು ಸರಿಪಡಿಸುವವರಿಲ್ಲ, ಪಾಳು ಬೀಳುವುದಕ್ಕಿಂತ ಇದು ಮೇಲಲ್ಲವೇ?" ಎಂದು ಮಿತ್ರರು ಕೇಳುತ್ತಾರೆ. ಪ್ರಶ್ನೆಯಲ್ಲಿ ಹುರುಳಿದೆ. ಆದರೆ ಮನೆಗೆ ಬೇಕಾದದ್ದು ವಾಸಿಸುವವರು. ಊರಿನ ಶಾಲೆಗೆ ವರ್ಗವಾಗಿ ಬಂದ ಶಿಕ್ಷಕಿ, ಆರೋಗ್ಯ ಕೇಂದ್ರದ ದಾದಿ ಬಾಡಿಗೆ ಮನೆಗಾಗಿ ಅಲೆಯುವಾಗ ಈ ಬಾಗಿಲು ಅವರಿಗೆ ತೆರೆಯುವುದಿಲ್ಲ. ಕೆಲವೇ ವಾರಾಂತ್ಯಗಳಲ್ಲಿ ಹುಟ್ಟುವ ಹಣವನ್ನು ಅವರು ತಿಂಗಳ ಬಾಡಿಗೆಯಾಗಿ ಕೊಡಲಾರರು. ಮೂರು ದಶಕ ವರ್ಗಾವಣೆಯ ನೌಕರಿ ಮಾಡಿದ ನನಗೆ, ಹೊಸ ಊರಿನಲ್ಲಿ ತಲೆಯ ಮೇಲೊಂದು ಸೂರು ಸಿಗುವುದೆಂದರೇನೆಂದು ಗೊತ್ತು. ದಾದಿಗೆ ಮನೆ ಸಿಗದಿದ್ದರೆ ಆಕೆ ತಾಲೂಕು ಕೇಂದ್ರದಿಂದ ಬಸ್ಸಿನಲ್ಲಿ ಬಂದು ಸಂಜೆಯ ಬಸ್ಸಿಗೆ ಹಿಂದಿರುಗುತ್ತಾಳೆ. ರಾತ್ರಿ ಉಸಿರು ಕಟ್ಟುವುದು ಊರಲ್ಲಿ ಉಳಿದ ನಮ್ಮ ದೊಡ್ಡಮ್ಮನಿಗೆ.

ಗ್ರಾಮ ಪಂಚಾಯತಿಗಳಿಗೆ 1993ರ ಅಧಿನಿಯಮದಡಿ ಕಟ್ಟಡ ತೆರಿಗೆಯ ಅಧಿಕಾರವಿದೆ; ಒಡೆಯರಿಲ್ಲದ ದಿನಬಾಡಿಗೆ ಮನೆಗಳಿಗೆ ಪ್ರತ್ಯೇಕ, ಹೆಚ್ಚಿನ ದರವನ್ನು ಸರ್ಕಾರ ಗೊತ್ತುಪಡಿಸಲಿ. ಸಂಘವಂತೂ ತನ್ನ ಸ್ಮರಣ ಸಂಚಿಕೆಗಳಲ್ಲಿ ಇಂಥ ಮನೆಗಳ ಜಾಹೀರಾತು ನಿಲ್ಲಿಸಿ, ಸದಸ್ಯರ ಖಾಲಿ ಮನೆಗಳ ಪಟ್ಟಿ ಮಾಡಿ ಆಯಾ ಊರಿನ ಶಾಲೆ, ಆರೋಗ್ಯ ಕೇಂದ್ರಗಳಿಗೆ ಕಳುಹಿಸಲಿ. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಈ ಠರಾವನ್ನು ಮಂಡಿಸಲಿದ್ದೇನೆ, ಅನುಮೋದಕರೊಬ್ಬರು ಬೇಕಾಗಿದ್ದಾರೆ.