ಒರೆಗೆ ಹಚ್ಚದೆ ಪರೀಕ್ಷೆ

ಬಂಗಾರವನ್ನು ಒರೆಗಲ್ಲಿಗೆ ಹಚ್ಚಿದರೆ ಒಂದಿಷ್ಟು ಕಲ್ಲಿನ ಪಾಲಾಗುತ್ತದೆ. ಆ ಸವಕಳಿಯನ್ನು ಯಾವ ಸರಾಫರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆಳಕಿನ ಕಣ ಫೋಟಾನಿನ ವಿಷಯದಲ್ಲಿ ಮಾತ್ರ ಇಡೀ ಮಾಲೇ ಒರೆಯಲ್ಲಿ ಹೋಗಿಬಿಡುತ್ತದೆ. ಕಣ್ಣಿಗೆ ಬಿದ್ದರೆ ಅಲ್ಲಿಗೇ ಮುಗಿಯಿತು! ಅದನ್ನು ಕಳೆದುಕೊಳ್ಳದೆ ನೋಡುವುದು ಹೇಗೆ ಎಂಬ ಪ್ರಶ್ನೆಯ ಹಿಂದೆ ಬಿದ್ದವರು ಪ್ಯಾರಿಸ್ಸಿನ ಪ್ರಾಧ್ಯಾಪಕ ಸರ್ಜ್ ಹರೋಷ್.

ಹುಟ್ಟಿದ್ದು 1944ರಲ್ಲಿ, ಮೊರಾಕ್ಕೊದ ಕಾಸಾಬ್ಲಾಂಕಾದಲ್ಲಿ. ತಂದೆ ವಕೀಲರು, ತಾಯಿ ಶಿಕ್ಷಕಿ. 1956ರಲ್ಲಿ ಕುಟುಂಬ ಫ್ರಾನ್ಸಿಗೆ ಬಂತು. 1971ರಲ್ಲಿ ಡಾಕ್ಟರೇಟ್, 1975ರಲ್ಲಿ ಪ್ರಾಧ್ಯಾಪಕ ಹುದ್ದೆ.

ಅವರ ಸಾಧನ ಹೀಗಿತ್ತು: ಎದುರುಬದುರು ಎರಡು ಕನ್ನಡಿ, ನಡುವೆ 2.7 ಸೆಂಟಿಮೀಟರ್ ಅಂತರ, ಸೊನ್ನೆಗಿಂತ 272 ಡಿಗ್ರಿ ಕೆಳಗಿನ ಚಳಿ. ಒಳಗೆ ಮೈಕ್ರೋವೇವ್ ಜಾತಿಯ ಒಂದೇ ಫೋಟಾನ್ ಅತ್ತಿತ್ತ ಪುಟಿಯುತ್ತದೆ. ಸಾಮಾನ್ಯಕ್ಕಿಂತ ಸಾವಿರ ಪಟ್ಟು ಉಬ್ಬಿಸಿದ ರುಬಿಡಿಯಂ ಪರಮಾಣುಗಳನ್ನು ಒಂದೊಂದಾಗಿ ನಡುವೆ ಹಾಯಿಸುತ್ತಾರೆ. ಪರಮಾಣು ಫೋಟಾನನ್ನು ನುಂಗುವುದಿಲ್ಲ; ಆದರೆ ಅದರ ಒಳಗಿನ ತಾಳ ಕೊಂಚ ಜರುಗುತ್ತದೆ. ಆ ಜರುಗಿನಿಂದಲೇ ಫೋಟಾನ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಇಷ್ಟು ಹೇಳುವುದು ಸುಲಭ. ಯೋಜನೆ ಪ್ರಕಟವಾದದ್ದು 1990ರಲ್ಲಿ. 1996ರಲ್ಲಿಯೂ ಅವರ ಕನ್ನಡಿಗಳು ಫೋಟಾನನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಹೊತ್ತೂ ಹಿಡಿದಿಡುತ್ತಿರಲಿಲ್ಲ. ಮೊದಲ ಸಲ ಅದನ್ನು ಕೆಡಿಸದೆ ಕಂಡದ್ದು 1999ರಲ್ಲಿ. ಮುಂದೆ ಕನ್ನಡಿ ಸುಧಾರಿಸಿತು, ಆಯುಷ್ಯ 0.13 ಸೆಕೆಂಡಿಗೆ ಏರಿತು. ಅಷ್ಟರಲ್ಲಿ ಬೆಳಕು 40,000 ಕಿಲೋಮೀಟರ್ ಓಡುತ್ತದೆ, ಭೂಮಿಗೆ ಒಂದು ಸುತ್ತು! 2007ರಲ್ಲಿ ಒಂದೇ ಫೋಟಾನಿನ ಹುಟ್ಟು, ಸಾವು ಎರಡನ್ನೂ ನೋಡಿದರು. 2011ರಲ್ಲಿ ಅವರ ತಂಡ ಕಡಿಮೆಯಾದ ಫೋಟಾನನ್ನು ಮತ್ತೆ ತುಂಬಿ ಎಣಿಕೆಯನ್ನು ಸ್ಥಿರವಾಗಿ ಹಿಡಿಯಿತು.

ಭೌತಶಾಸ್ತ್ರ ಓದುತ್ತೇನೆಂದು ಮಗಳು ಹೇಳಿದಾಗ "ಗಳಿಕೆ ಎಂದು?" ಎಂದು ಕೇಳುವ ಹಿರಿಯರು ನಮ್ಮಲ್ಲಿ ಬಹಳ. ಕೇಳುವುದು ತಪ್ಪೇನಲ್ಲ, ಅಂಗಡಿ ನಡೆಸಿದವರ ಬಾಯಲ್ಲಿ ಬರುವ ಮಾತೇ ಅದು. ಆದರೆ 1990ರ ಬಂಡವಾಳ 2007ಕ್ಕೆ ಕೈಗೆ ಬಂದ ಈ ವ್ಯವಹಾರವನ್ನು ಯಾವ ಖಾತೆಯಲ್ಲಿ ಬರೆಯುತ್ತೀರಿ? ಅದೂ ಹಣವಾಗಿ ಬರಲಿಲ್ಲ. ಮನೆಯವರು ನಡುವೆಯೇ ಲೆಕ್ಕ ಮುಗಿಸಿಬಿಟ್ಟರೆ ಮಗಳ ಓದು ಅರ್ಧಕ್ಕೇ ನಿಲ್ಲುತ್ತದೆ. ಸಂಶೋಧನೆಗೆ ಸಮಯ ಬೇಕು, ನಂಬಿಕೆ ಬೇಕು ಎಂದು ಹರೋಷ್ ಹೇಳುತ್ತ ಬಂದಿದ್ದಾರೆ.

2012ರ ನೊಬೆಲ್ ಬಹುಮಾನವನ್ನು ಅವರು ಅಮೆರಿಕದ ಡೇವಿಡ್ ವೈನ್‌ಲ್ಯಾಂಡ್ ಜೊತೆ ಹಂಚಿಕೊಂಡರು. ಇವರದು ತಿರುಗಾಮುರುಗಾ ದಾರಿ: ವಿದ್ಯುದಂಶವಿರುವ ಪರಮಾಣುವನ್ನು ಹಿಡಿದಿಟ್ಟು ಬೆಳಕಿನಿಂದ ಆಡಿಸಿದರು. ಆ ಜಾತಿಯ ಗಡಿಯಾರ ಸೀಸಿಯಂ ಗಡಿಯಾರಕ್ಕಿಂತ ನೂರು ಪಟ್ಟು ನಿಖರ.

ಸುದ್ದಿ ಬಂದಾಗ ಹರೋಷ್ ಅವರಿಗೆ 68 ವರ್ಷ. ಪತ್ನಿಯೊಡನೆ ರಸ್ತೆಯಲ್ಲಿ ನಡೆಯುತ್ತಿದ್ದರು. ಫೋನಿನ ಮೇಲೆ ಸ್ವೀಡನ್ನಿನ 46ರ ಸಂಖ್ಯೆ ಕಂಡಿತು. ಪುಣ್ಯಕ್ಕೆ ಪಕ್ಕದಲ್ಲೇ ಒಂದು ಬೆಂಚು ಇತ್ತು, ಕೂತುಬಿಟ್ಟರು.