ಟಂಟಂ ಎಂಟಕ್ಕೆ, ಶಾಲೆಯ ಗಂಟೆ ಒಂಬತ್ತೂವರೆಗೆ

ದಸರಾ ರಜೆ ಮುಗಿದ ಮೇಲೆ ಸಂಕ್ರಾಂತಿ ಕಳೆಯುವವರೆಗೂ ನಮ್ಮ ಊರಿಗೆ ಬೆಳಗಾಗುವುದು ಟಂಟಂ ಹಾರ್ನಿನ ಸದ್ದಿಗೆ. ಏಳೂವರೆಗೆಲ್ಲ ಅಗಸಿ ಮುಂದೆ ನಾಲ್ಕೈದು ಗಾಡಿ ಬಂದು ನಿಲ್ಲುತ್ತವೆ. ಬುತ್ತಿ ಗಂಟು, ನೀರಿನ ಬಾಟಲಿ, ಸೊಂಟಕ್ಕೆ ಕಟ್ಟಿಕೊಳ್ಳಲು ಹಳೆ ಸೀರೆಯ ತುಂಡು ಹಿಡಿದು ಹೆಣ್ಣುಮಕ್ಕಳು ಹತ್ತುತ್ತಾರೆ. ಹತ್ತಿ ಬಿಡಿಸುವ ಕಾಲ. ಎಂಟು ಹೊಡೆಯುವಷ್ಟರಲ್ಲಿ ಓಣಿ ಖಾಲಿ. ಶಾಲೆಯಲ್ಲಿ ನಾವು ಪ್ರಾರ್ಥನೆಯ ಗಂಟೆ ಬಾರಿಸುವುದು ಒಂಬತ್ತೂವರೆಗೆ.

ಈ ಒಂದೂವರೆ ತಾಸಿನ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಮಕ್ಕಳ ಮುಖ ನೋಡಿ ಹಾಜರಿ ಹಾಕುವ ತಂತ್ರಜ್ಞಾನ ಸರ್ಕಾರಿ ಶಾಲೆಗಳಿಗೂ ಬರುತ್ತದೆ ಎಂಬ ಸುದ್ದಿ ಓದಿದ ದಿನ ಬರೆಯಲು ಕೂತೆ. ನಾನು ಸುರಪುರ ತಾಲ್ಲೂಕಿನ ಒಂದು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಶಿಕ್ಷಕಿ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಈ ಕಡೆ ಭತ್ತ, ಹತ್ತಿ, ಮೆಣಸಿನಕಾಯಿ ಹಬ್ಬಿವೆ. ಕೆಲಸಕ್ಕೆ ಬರವಿಲ್ಲ, ಕೆಲಸ ಮಾಡುವ ಕೈಗೆ ಬರ. ದೊಡ್ಡವರ ಕೈ ಸಾಲದಾದಾಗ ಸಣ್ಣವರ ಕೈ ನೆನಪಾಗುತ್ತದೆ.

2019ರ ನವೆಂಬರ್ ತಿಂಗಳ ಮಾತು. ತಡವಾಗಿ ಬರುವವರು ಹೆಚ್ಚಾದರೆಂದು ಆಗ ನಮ್ಮಲ್ಲಿ ಒಂದು ನಿಯಮ ಮಾಡಿಕೊಂಡಿದ್ದೆವು. ನಾಡಗೀತೆ ಶುರುವಾದ ಕೂಡಲೇ ಗೇಟು ಹಾಕಬೇಕು. ಹೊರಗುಳಿದವರು ಮೊದಲನೇ ಪಿರಿಯಡ್ ಮುಗಿಯುವವರೆಗೆ ಅಲ್ಲೇ ನಿಲ್ಲಬೇಕು. ಸಭೆಯಲ್ಲಿ ನಾನೂ ಕೈ ಎತ್ತಿದ್ದೆ. ಗೇಟಿನ ಸರಪಳಿ ಹಾಕುವ ಪಾಳಿ ಆ ವಾರ ನನ್ನದಾಗಿತ್ತು. ನಾಲ್ಕನೇ ತರಗತಿಯ ಒಬ್ಬ ಹುಡುಗಿ ಸೋಮವಾರ ಹೊರಗೆ ನಿಂತಳು, ಮಂಗಳವಾರವೂ ನಿಂತಳು. ಬುಧವಾರ ಬರಲಿಲ್ಲ. ಗುರುವಾರ ಹಾಜರಿ ಕೂಗುವಾಗ ಅವಳ ಹೆಸರಿಗೆ ಬಂದು ನಿಂತೆ. ಪಕ್ಕದ ಮನೆಯ ಹುಡುಗ, ಕೇಳುವ ಮೊದಲೇ, "ಅಕಿ ಹತ್ತಿ ಬಿಡ್ಸಾಕ ಹೋಗ್ಯಾಳ್ರಿ ಟೀಚರ್" ಅಂದ.

ಸಂಜೆ ಮನೆಗೆ ಹೋದೆ. ತಾಯಿ ಆಗಷ್ಟೇ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದಳು. ಹುಡುಗಿ ಒಲೆ ಮುಂದೆ ಕೂತಿದ್ದಳು. ಅವಳ ಕೈ ಹಿಡಿದು ನೋಡಿದೆ. ಹತ್ತಿಕಾಯಿ ಒಡೆದು ಒಣಗಿದಾಗ ಅದರ ಎಸಳಿನ ತುದಿ ಸೂಜಿಯಂತಾಗುತ್ತದೆ. ಬೆರಳನ್ನು ಒಳಗೆ ತೂರಿಸಿ ಅರಳೆ ಎಳೆಯುವಾಗ ಅದು ಉಗುರಿನ ಬುಡಕ್ಕೇ ಗೀರುತ್ತದೆ. ಬಲಗೈಯ ಮೂರು ಬೆರಳಲ್ಲೂ, ಪೆನ್ಸಿಲ್ ಹಿಡಿಯುವ ಮೂರೂ ಬೆರಳಲ್ಲಿ, ಸಣ್ಣ ಸಣ್ಣ ಕೆಂಪು ಗೆರೆ. ಕೂದಲಲ್ಲಿ ಅರಳೆಯ ಎಳೆ ಸಿಕ್ಕಿಕೊಂಡಿತ್ತು.

"ಯಾಕವ್ವಾ, ಸಾಲಿಗೆ ಯಾಕ ಕಳಿಸ್ಲಿಲ್ಲ?" ಎಂದೆ.

"ಕಳಸ್ಬಾರ್ದಂತ ಇಲ್ರಿ ಟೀಚರ್. ನಾ ಎಂಟಕ್ಕ ಹೋಗ್ತೀನಿ. ಸಣ್ಣದನ್ನ ಯಾರ ಮುಂದ ಬಿಡ್ಲಿ? ಅಂಗನವಾಡಿ ತೆಗಿಯೂದು ಹತ್ತಕ್ಕ. ಇಕಿನೇ ಅದನ್ನ ಮಾರಿ ತೊಳದು, ಉಣಿಸಿ, ಬಾಯಾರು ಬಂದಮ್ಯಾಲ ಬಿಟ್ಟು ಸಾಲಿಗಿ ಓಡ್ತಿದ್ಲು. ನೀವು ಗೇಟ್ ಹಾಕ್ತೀರಂತ. ಎಲ್ಲಾರ ಮುಂದ ಹೊರಗ ನಿಂದ್ರಾಕ ನಾಚ್ಕಿ ಬರ್ತದ ಅಂತ ಅತ್ಲು. ಹಂಗಾರ ನನ್ ಕೂಡ ಬಾ ಅಂದೆ."

ತಮ್ಮನಿಗೆ ಆಗ ಮೂರು ತುಂಬಲು ಬಂದಿತ್ತು. ಅವನನ್ನೂ ಹೊಲಕ್ಕೇ ಕರೆದೊಯ್ದು ಬದುವಿನ ಜಾಲಿ ಗಿಡದ ನೆರಳಿಗೆ ಜೋಳಿಗೆ ಕಟ್ಟಿ ಮಲಗಿಸಿದ್ದರು. ಕೂಲಿ ಕೊಡುವುದು ಕಿಲೋ ಲೆಕ್ಕದಲ್ಲಿ. ಮಗಳು ಬಿಡಿಸಿದ್ದು ತಾಯಿಯ ಚೀಲಕ್ಕೇ ಸೇರುತ್ತದೆ. ಹತ್ತು ವರ್ಷದ ಹುಡುಗಿ ದುಡಿದಳು ಎಂಬುದು ಯಾವ ಪುಸ್ತಕದಲ್ಲೂ ಕಾಣುವುದಿಲ್ಲ. ನಮ್ಮ ಹಾಜರಿ ಪುಸ್ತಕದಲ್ಲಿ ಮಾತ್ರ ಅವಳು ಗೈರು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವಳಿಗೆ ಶಾಲೆ ತಪ್ಪಿಸಿದ್ದು ಬಡತನ ಎಂದು ಹೇಳಿ ನಾನು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಬಡತನ ಹಿಂದಿನ ವಾರವೂ ಇತ್ತು, ಆಗ ಅವಳು ದಿನಾ ಬರುತ್ತಿದ್ದಳು. ಆ ವಾರ ಹೊಸದಾಗಿ ಬಂದದ್ದು ನಮ್ಮ ಸರಪಳಿ. ತಡವಾಗಿ ಬಂದ ಮಗು ಸೋಮಾರಿ ಅಂತ ನಾವು ತಿಳಿದಿದ್ದೆವು. ಗೇಟಿಗೆ ಬರುವ ಮೊದಲೇ ಅವಳು ಒಂದು ಮನೆ ಸಂಭಾಳಿಸಿ, ಒಂದು ಕೂಸನ್ನು ಸಾಗಿಸಿ, ಬೀಗ ಹಾಕಿ ಬಂದಿರುತ್ತಿದ್ದಳು.

ಇನ್ನೊಂದು ಸಂಗತಿ ಹೇಳಬೇಕು. ಇದು ಶಿಕ್ಷಕರಿಗೆ ಗೊತ್ತು, ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ನಮ್ಮಲ್ಲಿ ಒಂದರಿಂದ ಮೂರನೇ ತರಗತಿವರೆಗೆ ನಲಿ-ಕಲಿ. 1995ರಲ್ಲಿ ಎಚ್.ಡಿ. ಕೋಟೆಯ ಶಾಲೆಗಳಲ್ಲಿ ಹುಟ್ಟಿ, 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದ ಪದ್ಧತಿ. ಅದರಲ್ಲಿ ಪ್ರತಿ ಮಗುವಿಗೂ ಕಲಿಕೆಯ ಏಣಿಯ ಮೇಲೆ ತನ್ನದೇ ಮೆಟ್ಟಿಲು ಇರುತ್ತದೆ. ನಾಲ್ಕು ದಿನ ಜ್ವರ ಬಂದು ಮಲಗಿದರೂ, ಬಂದ ದಿನ ತಾನು ಬಿಟ್ಟ ಕಾರ್ಡನ್ನೇ ಎತ್ತಿಕೊಂಡು ಕೂರುತ್ತದೆ. ಅದರ ಪಾಠ ಅದಕ್ಕಾಗಿ ಕಾದಿರುತ್ತದೆ. ನಾಲ್ಕನೇ ತರಗತಿಗೆ ಬಂದ ಕೂಡಲೇ ಈ ಕಾಯುವಿಕೆ ಮುಗಿಯಿತು. ಪಠ್ಯಪುಸ್ತಕ ಮುಂದೆ ಹೋಗುತ್ತಲೇ ಇರುತ್ತದೆ. ಎರಡು ದಿನ ಹತ್ತಿಗೆ ಹೋಗಿ ಬಂದವಳು ಭಾಗಾಕಾರದ ನಡುವೆ ಬಂದು ಕೂರುತ್ತಾಳೆ, ತಲೆ ಬುಡ ತಿಳಿಯುವುದಿಲ್ಲ. ಮಗುವಿನ ಬೆರಳು ಹತ್ತಿ ಬಿಡಿಸುವಷ್ಟು ಬಲಿಯುವುದೂ ಅದೇ ಒಂಬತ್ತು-ಹತ್ತನೇ ವಯಸ್ಸಿಗೆ. ಶಾಲೆ ಕಾಯುವುದನ್ನು ಬಿಟ್ಟ ವರ್ಷವೇ ಹೊಲ ಕರೆಯುತ್ತದೆ. ನಾಲ್ಕರಲ್ಲಿ ನಾನು ಕಳೆದುಕೊಂಡ ಮಕ್ಕಳನ್ನು ಎಣಿಸಿದರೆ ಹೆಚ್ಚಿನವರು ಹೆಣ್ಣುಮಕ್ಕಳು, ಮನೆಯಲ್ಲಿ ಹಿರಿಯರು.

ನಿಯಮಗಳು ಇಲ್ಲದೇ ಇಲ್ಲ. ಮೊದಲು ಸತತ 60 ದಿನ ಬಾರದ ಮಗುವನ್ನು ಮಾತ್ರ ಶಾಲೆಯಿಂದ ಹೊರಗುಳಿದದ್ದು ಎಂದು ಲೆಕ್ಕ ಹಿಡಿಯುತ್ತಿದ್ದರು. 2013ರಲ್ಲಿ ನಮ್ಮ ಹೈಕೋರ್ಟ್ ಈ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡ ಮೇಲೆ ಅದು 7 ದಿನಕ್ಕೆ ಇಳಿಯಿತು. ದೊಡ್ಡ ಉಪಕಾರವೇ ಅದು. ಅದರ ಬಲದಿಂದ ಗುಳೆ ಹೋದ ಎಷ್ಟೋ ಮನೆಯ ಮಕ್ಕಳನ್ನು ಬೇಗ ಹುಡುಕಲು ಆಗಿದೆ. ಆದರೆ ನಮ್ಮ ಊರಿನ ಗೈರುಹಾಜರಿ ಏಳು ದಿನ ತಲುಪುವುದೇ ಇಲ್ಲ. ಎರಡು ದಿನ ಹೊಲ, ಒಂದು ದಿನ ಶಾಲೆ, ಮತ್ತೆ ಎರಡು ದಿನ ಹೊಲ. ನಿಯಮದ ಪ್ರಕಾರ ಆ ಮಗು ಶಾಲೆಯ ಒಳಗೇ ಇದೆ. ಶಿಕ್ಷಣ ಹಕ್ಕು ಕಾಯ್ದೆ ಐದನೇ ತರಗತಿವರೆಗೆ ವರ್ಷಕ್ಕೆ 200 ದಿನ, 800 ತಾಸು ಕಲಿಕೆ ಆಗಬೇಕು ಎನ್ನುತ್ತದೆ. ಅದು ಶಾಲೆ ನಡೆಯಬೇಕಾದ ಲೆಕ್ಕ. ನಾವು ಬಾಗಿಲು ತೆರೆದು ಪಾಠ ಮಾಡಿದೆವು ಎಂಬುದಕ್ಕೆ ಸಾಕ್ಷಿ. ಆ 800 ತಾಸಿನಲ್ಲಿ ಆ ಹುಡುಗಿಯ ಪಾಲು ಎಷ್ಟು ಎಂದು ಯಾರೂ ಕೇಳುವುದಿಲ್ಲ.

ಈಗ ಕ್ಯಾಮೆರಾ ಮಾತಿಗೆ ಬರುತ್ತೇನೆ. ಸುಳ್ಳು ಹಾಜರಿ ತಡೆಯಲು ಅದು ಬೇಕು ಎನ್ನುವವರ ಕಳಕಳಿ ನನಗೆ ಅರ್ಥವಾಗುತ್ತದೆ. ಬಾರದ ಮಕ್ಕಳ ಹೆಸರಲ್ಲಿ ಬಿಸಿಯೂಟದ ಅಕ್ಕಿ ಇಳಿಸಿದ್ದನ್ನು ನಾನೂ ಕೇಳಿದ್ದೇನೆ, ಅದು ಪಾಪದ ಕೆಲಸ. ಆದರೆ ಹಾಜರಿ ಕೂಗುವುದು ಎಣಿಕೆಯಷ್ಟೇ ಅಲ್ಲ. ಹೆಸರು ಕೂಗಿ ಉತ್ತರ ಬಾರದಿದ್ದಾಗ ತರಗತಿಯೇ ಮಾತಾಡುತ್ತದೆ. "ಅವರವ್ವಗ ಹುಷಾರಿಲ್ರಿ." "ಅಂವ ಅವ್ರ ಮಾಮನ ಊರಿಗೆ ಹೋಗ್ಯಾನ್ರಿ." "ಅಕಿ ಹತ್ತಿ ಬಿಡ್ಸಾಕ ಹೋಗ್ಯಾಳ್ರಿ." ನನಗೆ ಬೇಕಾದ ಸುದ್ದಿ ಈ ಉತ್ತರದಲ್ಲಿದೆ. ಸಂಜೆ ನಾನು ಯಾವ ಓಣಿಗೆ ಹೋಗಬೇಕು ಎಂದು ತಿಳಿಯುವುದು ಇದರಿಂದ. ಮೊಬೈಲು ಹಿಡಿದು ಬಂದವರ ಮುಖ ತೋರಿಸುತ್ತ ಹೋದರೆ ಇದ್ದವರ ಲೆಕ್ಕ ಕ್ಷಣದಲ್ಲಿ ಮೇಲಕ್ಕೆ ಹೋಗುತ್ತದೆ, ಇಲ್ಲದವರ ಸುದ್ದಿ ನನಗೆ ಬರುವುದಿಲ್ಲ. ಹತ್ತಕ್ಕೆ ಹಾಜರಿ ಮುಗಿದು ಹೋದ ಮೇಲೆ ಹತ್ತೂವರೆಗೆ ಓಡಿ ಬಂದ ಮಗುವನ್ನು ಆ ಯಂತ್ರ ಏನೆಂದು ಬರೆದುಕೊಳ್ಳುತ್ತದೆ?

ನಮಗೆ ದಾರಿ ತೋರಿಸಿದ್ದು ಶನಿವಾರಗಳು. ಶನಿವಾರ ಬೆಳಗಿನ ಶಾಲೆ, ಎಂಟಕ್ಕೇ ಗಂಟೆ. ಮುಂದೊಂದು ವರ್ಷ ಹತ್ತಿ ಕಾಲದ ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಕೂತಾಗ ನೋಡಿದೆ: ಬುಧವಾರ, ಗುರುವಾರ ತಡವಾಗಿ ಬರುವವರು, ಬಾರದೇ ಇರುವವರು ಶನಿವಾರ ಸರಿಯಾದ ಹೊತ್ತಿಗೆ ಬಂದಿದ್ದಾರೆ. ಒಂದು ವಾರವಲ್ಲ, ವಾರ ವಾರವೂ. ತಾಯಂದಿರನ್ನು ಕೇಳಿದೆ. ಉತ್ತರ ಇಷ್ಟೇ: ಟಂಟಂ ಹತ್ತುವ ಮೊದಲು ತಾವೇ ತಂದು ಬಿಟ್ಟು ಹೋಗುತ್ತಾರೆ.

ಆಮೇಲೆ ಹೊಸ ಮುಖ್ಯಗುರುಗಳು ಬಂದರು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಮಾತಾಡಿ, ಅಕ್ಟೋಬರ್‌ನಿಂದ ಜನವರಿವರೆಗೆ ಗೇಟು ಎಂಟಕ್ಕೇ ತೆರೆಯುವುದು ಎಂದು ಗೊತ್ತು ಮಾಡಿದೆವು. ಸುರಪುರದಿಂದ ಬಸ್ಸಿಗೆ ಬರುವ ಶಿಕ್ಷಕರಿಗೆ ಇದು ಆಗುವ ಮಾತಲ್ಲ, ಅವರ ಬಸ್ಸು ಬರುವುದೇ ಒಂಬತ್ತಕ್ಕೆ. ಊರಲ್ಲೇ ಇರುವ ನಾನು ಮತ್ತು ಒಬ್ಬ ಅತಿಥಿ ಶಿಕ್ಷಕಿ ದಿನ ಬಿಟ್ಟು ದಿನ ಬರುತ್ತೇವೆ. ಎಂಟಕ್ಕೆ ಬಂದ ಮಕ್ಕಳಿಗೆ ಪಾಠ ಮಾಡುವುದಿಲ್ಲ. ನಲಿ-ಕಲಿ ಕೋಣೆ ತೆರೆದಿಡುತ್ತೇವೆ. ಕೆಲವರು ಕಾರ್ಡು ಹರಡಿಕೊಂಡು ಓದುತ್ತಾರೆ, ಕೆಲವರು ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತಾರೆ. ಐದನೇ ತರಗತಿಯವಳು ಒಂದನೇ ತರಗತಿಯವಳನ್ನು ಮುಂದೆ ಕೂರಿಸಿಕೊಂಡು ಎರಡು ಜಡೆ ಹಾಕಿ ರಿಬ್ಬನ್ ಕಟ್ಟುವುದನ್ನು ನಾನು ದಿನಾ ನೋಡುತ್ತೇನೆ. ಪ್ರಾರ್ಥನೆ ಮುಗಿದು ಹಾಲು ಕುಡಿಯುವ ಹೊತ್ತಿಗೆ, 150 ಮಿಲಿಲೀಟರ್ ಬಿಸಿ ಹಾಲು ಲೋಟದಲ್ಲಿ, ಸಾಲು ತುಂಬಿರುತ್ತದೆ. ಸರಪಳಿಯನ್ನು ತೆಗೆದು ಕೋಣೆಗೆ ಹಾಕಿದ್ದೇವೆ. ಹತ್ತೂವರೆಗೆ ಬಂದರೂ ಹಾಜರಿ ಉಂಟು, ಊಟ ಉಂಟು, ಬೈಗುಳ ಇಲ್ಲ.

ಬಗೆಹರಿಯದೆ ಉಳಿದಿರುವುದು ಸಣ್ಣ ಕೂಸುಗಳದ್ದು. ಅಂಗನವಾಡಿ ಬೇರೆ ಇಲಾಖೆ, ಅದರ ವೇಳೆ ಬೇರೆ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂದು ಮಾಡಿದ್ದಾರೆ, ಒಳ್ಳೆಯ ಕೆಲಸ. ಹತ್ತಿ ಬಿಡಿಸಲು ಹೋಗುವ ತಾಯಿಯೂ ತಾಯಿಯೇ ಅಲ್ಲವೇ? ಅವಳ ಕೂಸಿಗೂ ಎಂಟಕ್ಕೆ ಒಂದು ಬಾಗಿಲು ತೆರೆದರೆ ನಾಲ್ಕನೇ ತರಗತಿಯ ಅಕ್ಕ ಬಿಡುಗಡೆಯಾಗುತ್ತಾಳೆ.

ಇಲಾಖೆಯವರಲ್ಲಿ ನನ್ನ ಬೇಡಿಕೆ ಬಹಳ ಇಲ್ಲ. ಬಿಸಿಲು ಹೆಚ್ಚೆಂದು ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ ಎಂಟಕ್ಕೆ ಬದಲಿಸುತ್ತಾರೆ. ನೌಕರರ ಮೈಗೆ ಬಿಸಿಲು ತಾಗುತ್ತದೆ ಎಂದು ಗಡಿಯಾರ ತಿರುಗಿಸಲು ಬರುವುದಾದರೆ, ಹತ್ತಿ ಒಡೆಯುವ ನಾಲ್ಕು ತಿಂಗಳು ಶಾಲೆ ಯಾವಾಗ ತೆರೆಯಬೇಕು ಎಂಬುದನ್ನು ಊರಿನ ಎಸ್‌ಡಿಎಂಸಿಗೆ ಬಿಡಲಿ. ಎಂಟಕ್ಕೆ ಬರುವ ಶಿಕ್ಷಕರು ಸಂಜೆ ಬೇಗ ಹೋಗಬಹುದು ಎಂದು ಲಿಖಿತವಾಗಿ ಕೊಡಲಿ. ಈಗ ನಾವು ಮಾಡುತ್ತಿರುವುದಕ್ಕೆ ಯಾವ ಆದೇಶವೂ ಇಲ್ಲ. ಮುಖ್ಯಗುರುಗಳು ವರ್ಗವಾಗಿ ಹೋದರೆ ಇದೂ ಹೋಗುತ್ತದೆ. ನಾಲ್ಕು, ಐದನೇ ತರಗತಿಯವರಿಗೂ ಬಿಟ್ಟಲ್ಲಿಂದ ಹಿಡಿದುಕೊಳ್ಳುವಂಥ ಕಾರ್ಡುಗಳನ್ನು, ಗಣಿತಕ್ಕಾದರೂ, ಮಾಡಿ ಕೊಡಲಿ. ಮಗುವಿನ ಮನೆಯನ್ನು ನೋಡಿ ಶಾಲೆ ಬದಲಾಗುವುದು ಹೊಸದೇನಲ್ಲ. 2002ರಲ್ಲಿ ರಾಜ್ಯದ ಬಿಸಿಯೂಟ ಮೊದಲು ಶುರುವಾದದ್ದೇ ನಮ್ಮ ಈ ಕಡೆಯ ಜಿಲ್ಲೆಗಳಲ್ಲಿ. ಹಸಿದ ಮಗು ಕಲಿಯುವುದಿಲ್ಲ ಎಂದು ಆಗ ಯಾರೋ ಮನೆಯ ಒಲೆಯವರೆಗೆ ಯೋಚಿಸಿದ್ದರು.

ಆ ಹುಡುಗಿಯನ್ನು ನಾನು ಮರುದಿನವೇ ಕರೆತಂದೆ. ಎಲ್ಲರ ಮುಂದೆ, ತಪ್ಪು ನನ್ನದು ಎಂದು ಹೇಳಿದೆ. ನಾಲ್ಕು ತಿಂಗಳಿಗೆ ಕೊರೊನಾ ಬಂದು ಶಾಲೆಯೇ ಮುಚ್ಚಿತು. ಒಂದೂವರೆ ವರ್ಷದ ಮೇಲೆ, 2021ರ ಸೆಪ್ಟೆಂಬರ್‌ನಲ್ಲಿ ಆರನೇ ತರಗತಿಗೆಂದು ಬಂದಳು, ಅಕ್ಟೋಬರ್‌ನಲ್ಲಿ ಹತ್ತಿ ಒಡೆಯಿತು. ಹೇಗೋ ಏಳನೇ ತರಗತಿ ಮುಗಿಸಿದಳು. ಪ್ರೌಢಶಾಲೆಗೆ ಹೆಸರು ಹಚ್ಚಿದರು, ಹೋಗಲಿಲ್ಲ. ಈಗ ಏಳೂವರೆಗೆ ಅಗಸಿ ಮುಂದೆ ತಾಯಿಯ ಪಕ್ಕ ನಿಂತಿರುತ್ತಾಳೆ. ನನ್ನನ್ನು ಕಂಡರೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ಆರಾಮ ಅದೀರೇನ್ರಿ ಟೀಚರ್?" ಎಂದು ಕೇಳುತ್ತಾಳೆ. ಟಂಟಂ ಹತ್ತುವ ಮೊದಲು ತಮ್ಮನನ್ನು ಶಾಲೆಯ ಗೇಟಿನೊಳಗೆ ಬಿಟ್ಟು ಹೋಗುವವಳು ಅವಳೇ. ಅವನು ಈಗ ಮೂರನೇ ತರಗತಿ, ನಲಿ-ಕಲಿಯ ಕೊನೆಯ ವರ್ಷ. ಬರುವ ಜೂನ್‌ಗೆ ನಾಲ್ಕಕ್ಕೆ ಬರುತ್ತಾನೆ.