ದಪ್ಪ ನಳಿಗೆಯ ಕೋವಿಗೆ ಎಷ್ಟು ಗುಂಡು ಬೇಕು?

ಏನಪ್ಪಾ ಇವನು, ಕೋಡ್ ಬರೆಯೋದು ಬಿಟ್ಟು ಕೋವಿ ಹಿಡಿದುಬಿಟ್ನಾ ಅಂತ ಹುಬ್ಬೇರಿಸಬೇಡಿ. ಎರಡು ವರ್ಷದಿಂದ ಐಡಾಹೊ ರಾಜ್ಯದ ಬಾಯ್ಸಿಯಲ್ಲಿದ್ದೇನೆ. ಇಲ್ಲಿ ವಸಂತ ಬಂತು ಅಂದರೆ ಆಫೀಸಿನ ಕಾಫಿ ಮೆಷಿನ್ ಹತ್ತಿರ ಒಂದೇ ಮಾತು: ನೆಲದಳಿಲು. ನಮ್ಮೂರಿನ ಮರದ ಅಳಿಲಲ್ಲ, ಬಿಲ ತೋಡಿಕೊಂಡು ಬದುಕುವ ಜಾತಿ. ಫೆಬ್ರವರಿ ಹೊತ್ತಿಗೆ ಹೊರಗೆ ಬಂದು, ರೈತರ ಲೂಸರ್ನ್ ಮೇವಿನ ಹೊಲ ಮೇಯ್ದು, ಬೇಸಿಗೆ ಬಲಿತ ಮೇಲೆ ಮತ್ತೆ ನೆಲದೊಳಗೆ ಹೋಗಿ ಮಲಗುತ್ತವೆ. ಅವನ್ನು ಹೊಡೆಯಲು ರೈತರೇ ಕರೆಯುತ್ತಾರೆ.

ಈ ವರ್ಷ ನಾನೂ ಒಂದು ರೈಫಲ್ ಕೊಳ್ಳಬೇಕು ಅಂತ ಹೊರಟೆ. ಎಲ್ಲರ ಸಲಹೆಯೂ ಒಂದೇ: "ದಪ್ಪ ನಳಿಗೆಯ ಸೆಮಿ ಆಟೊಮ್ಯಾಟಿಕ್ ತಗೋ. ವಾರಾಂತ್ಯಕ್ಕೆ ಟಾರ್ಗೆಟ್‌ಗೂ ಆಯ್ತು, ಅಳಿಲಿಗೂ ಆಯ್ತು." ಈ ಸಲಹೆಯಲ್ಲಿ ಅರ್ಧ ಸರಿ ಇದೆ ಅನ್ನೋದು ನನ್ನ ವಾದ. ಯಾವ ಅರ್ಧ ಅಂತ ಹೇಳುತ್ತೇನೆ.

ಮೊದಲು ಕಾನೂನು. ನಮ್ಮ ಹುಡುಗರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಎಚ್1ಬಿಯಂಥ ವಲಸೆಯೇತರ ವೀಸಾದಲ್ಲಿ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಇರುವ ಕೆಲವೇ ವಿನಾಯಿತಿಗಳಲ್ಲಿ ಮುಖ್ಯವಾದದ್ದು, ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್. ಗೆಳೆಯ ರೇಂಜಿಗೆ ಕರೆದುಕೊಂಡು ಹೋಗಿ "ಒಂದು ಸಲ ಹೊಡೆದು ನೋಡು" ಅಂತ ಕೈಗೆ ಕೊಟ್ಟರೂ ಅದೇ ಕಾನೂನು. ಲೈಸೆನ್ಸ್ ಅವಧಿ ಮುಗಿದರೆ ವಿನಾಯಿತಿಯೂ ಮುಗಿಯಿತು. ಹಾಗಾಗಿ ನಾನು ಮೊದಲು ಬೇಟೆ ಶಿಕ್ಷಣದ ತರಗತಿಗೆ ಹೋಗಿ ಪರೀಕ್ಷೆ ಬರೆದು ಲೈಸೆನ್ಸ್ ತಗೊಂಡೆ. ನೀವೂ ಫೋಟೋ ತೆಗೆಸಿಕೊಳ್ಳುವ ಆಸೆಗೆ ರೈಫಲ್ ಮುಟ್ಟುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಿ.

ಈಗ ದಪ್ಪ ನಳಿಗೆ. ಗುಂಡು ಹಾರಿದಾಗ ನಳಿಗೆ ಬಾರಿಸಿದ ತಂತಿಯ ಹಾಗೆ ಕಂಪಿಸುತ್ತದೆ. ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ನಿದ್ದೆಗಣ್ಣಲ್ಲಿ ಓದಿದ ಪಾಠ ನೆನಪಿದೆಯಾ? ಬಾಗುವುದಕ್ಕೆ ತೋರುವ ಪ್ರತಿರೋಧ ವ್ಯಾಸದ ನಾಲ್ಕನೇ ಘಾತಕ್ಕೆ ಹೆಚ್ಚುತ್ತದೆ, ತೂಕ ಎರಡನೇ ಘಾತಕ್ಕೆ. ಒಳಗಿನ ತೂತು ಬಿಟ್ಟು ಲೆಕ್ಕ ಹಾಕಿದರೆ, ವ್ಯಾಸ ಒಂದೂವರೆ ಪಟ್ಟಾದರೆ ತೂಕ ಎರಡೂಕಾಲು ಪಟ್ಟು, ಬಿಗುವು ಐದು ಪಟ್ಟು. ದಪ್ಪ ಉಕ್ಕು ಬಿಸಿಯಾಗುವುದೂ ನಿಧಾನ, ಆದ್ದರಿಂದ ಹತ್ತನೇ ಗುಂಡು ಒಂದನೆಯದಕ್ಕಿಂತ ಪಕ್ಕಕ್ಕೆ ಜಾರುವುದು ಕಡಿಮೆ. ಆದರೆ ಆರುವುದೂ ನಿಧಾನ, ಅದನ್ನು ಅಂಗಡಿಯವನು ಹೇಳುವುದಿಲ್ಲ. ಹೊತ್ತುಕೊಂಡು ಗುಡ್ಡ ಹತ್ತುವವನಿಗೆ ಇದು ಶಿಕ್ಷೆ. ಕೂತು, ಚೀಲದ ಮೇಲೆ ಇಟ್ಟು ಹೊಡೆಯುವವನಿಗೆ ತೂಕವೇ ಮಿತ್ರ. ಇದು ಸಲಹೆಯಲ್ಲಿ ಸರಿ ಇರುವ ಅರ್ಧ.

ಆದರೆ ದಪ್ಪ ನಳಿಗೆ ಅಂದ ಮಾತ್ರಕ್ಕೆ ಗುರಿ ತಾನಾಗಿ ಬರೋದಿಲ್ಲ. 1964ರಲ್ಲಿ ಬಂದ ರೂಗರ್ 10/22 ಇಲ್ಲಿ ಮನೆಮನೆಯ ರೈಫಲ್. ಅದಕ್ಕೆ ಜನ 0.920 ಇಂಚಿನ ದಪ್ಪ ನಳಿಗೆ ಹಾಕಿಸುತ್ತಾರೆ. ಅದರಲ್ಲಿ ನಳಿಗೆಯನ್ನು ಅಲ್ಯೂಮಿನಿಯಂ ರಿಸೀವರಿಗೆ ಹಿಡಿದಿರುವುದು ಒಂದು ಸಣ್ಣ ವಿ-ಬ್ಲಾಕ್ ಮತ್ತು ಎರಡು ಸ್ಕ್ರೂ. ಭಾರದ ನಳಿಗೆ ಅಲ್ಲಿಂದಲೇ ಜೋತು ಬೀಳಬಹುದು. ಹಿಡಿಯ ಮರ ನಳಿಗೆಗೆ ಎಲ್ಲಿ ತಾಗುತ್ತದೆ, ಎಲ್ಲಿ ತಾಗುವುದಿಲ್ಲ ಅಂತ ನೋಡದೆ ನಳಿಗೆ ಬದಲಾಯಿಸುವುದು, ಡೇಟಾಬೇಸ್ ಕ್ವೆರಿ ಸರಿ ಮಾಡದೆ ದೊಡ್ಡ ಸರ್ವರ್ ಕೊಂಡ ಹಾಗೆ :-)

.223 ಇರುವ ಎಆರ್-15 ತಗೊಳ್ಳುವವರು ನಳಿಗೆಯ ದಪ್ಪಕ್ಕಿಂತ ಮೊದಲು ಅದರ ಒಳಗಿನ ತಿರುಚು ಕೇಳಬೇಕು. 9 ಇಂಚಿಗೆ ಒಂದು ಸುತ್ತು ಇದ್ದರೆ 50-55 ಗ್ರೇನಿನ ಅಳಿಲಿನ ಗುಂಡಿಗೆ ಹೇಳಿ ಮಾಡಿಸಿದಂತೆ. 77 ಗ್ರೇನಿನ ಉದ್ದನೆಯ ಟಾರ್ಗೆಟ್ ಗುಂಡು ಗಾಳಿಯಲ್ಲಿ ನೆಟ್ಟಗೆ ನಿಲ್ಲಬೇಕಾದರೆ 8 ಅಥವಾ 7 ಇಂಚಿಗೆ ಒಂದು ಸುತ್ತು ಬೇಕು. ಎರಡೂ ಕೆಲಸಕ್ಕೆ ಒಂದೇ ರೈಫಲ್ ಅಂದರೆ 8 ಇಂಚಿನದು ಒಳ್ಳೆಯ ರಾಜಿ. ಇನ್ನು ಮೂರೇ ಗುಂಡಿನ ಗುಂಪು ತೋರಿಸಿ "ಅರ್ಧ ಇಂಚು ನೋಡಿ" ಅನ್ನುವವರನ್ನು ನಂಬಬೇಡಿ. ಮೂರು ಸ್ಯಾಂಪಲ್ ಇಟ್ಟುಕೊಂಡು ನಿಮ್ಮ ಮ್ಯಾನೇಜರ್ ಹತ್ತಿರ ಪರ್ಫಾರ್ಮೆನ್ಸ್ ರಿಪೋರ್ಟ್ ಕೊಡ್ತೀರಾ?

ಈಗ ತಪ್ಪಿದ ಅರ್ಧಕ್ಕೆ ಬರುತ್ತೇನೆ.

ಏಪ್ರಿಲಿನಲ್ಲಿ ಒಬ್ಬ ಸಹೋದ್ಯೋಗಿಯ ಜೊತೆ ಒಂದು ಹೊಲಕ್ಕೆ ಹೋಗಿದ್ದೆ. ಅವನ ದಪ್ಪ ನಳಿಗೆಯ .22 ಸೆಮಿ ಆಟೊಮ್ಯಾಟಿಕ್ ಕೊಟ್ಟ. ಅರವತ್ತು ಗಜ ದೂರದಲ್ಲಿ ಒಂದು ಅಳಿಲು ಎದ್ದು ನಿಂತಿತ್ತು. ಹೊಡೆದೆ, ತಪ್ಪಿತು. ಮತ್ತೆ ಹೊಡೆದೆ. ಮುಂದಿನದು ನನಗೆ ಲೆಕ್ಕ ಸಿಗಲಿಲ್ಲ, ಮ್ಯಾಗಜೀನಿನ ಹತ್ತೂ ಖಾಲಿ. ನಡುವೆ ಯಾವುದೋ ಒಂದು ತಾಗಿತ್ತು. ಅದು ಹಿಂಗಾಲು ಎಳೆದುಕೊಂಡು ಬಿಲದೊಳಗೆ ಹೋಯಿತು. ಸಹೋದ್ಯೋಗಿ ನಕ್ಕು, "ಪರವಾಗಿಲ್ಲ, ಇನ್ನೂ ಸಾವಿರ ಇವೆ" ಅಂದ. ನನಗೆ ಪರವಾಗಿಲ್ಲ ಅನ್ನಿಸಲಿಲ್ಲ. ಬಿಲದ ಹತ್ತಿರ ಹೋಗಿ ಸುಮ್ಮನೆ ನಿಂತು ಬಂದೆ.

ನಮ್ಮ ಅಜ್ಜನ ಹತ್ತಿರ ಒಂದು ಕೇಪಿನ ಕೋವಿ ಇತ್ತು, ತೋಟದ ಕಾವಲಿಗೆ. ಚುನಾವಣೆ ಬಂದಾಗಲೆಲ್ಲ ಗೊಣಗುತ್ತಾ ಪೊಲೀಸ್ ಠಾಣೆಯಲ್ಲಿ ಇಟ್ಟು ಬರುತ್ತಿದ್ದರು. ಮಸಿ ತುಂಬಿ, ಗಜ ಹಾಕಿ ಜಡಿದು, ಕೇಪು ಇಡುವಷ್ಟರಲ್ಲಿ ಮಂಗ ಪಕ್ಕದ ತೋಟಕ್ಕೆ ಹೋಗಿರುತ್ತಿತ್ತು. ಬಹಳಷ್ಟು ಸಲ ಬರೀ ಸದ್ದಿನ ಈಡು ಅಷ್ಟೇ. ಅಜ್ಜನಿಗೆ ಎರಡನೇ ಈಡು ಅನ್ನೋದೇ ಇರಲಿಲ್ಲ, ಹಾಗಾಗಿ ಮೊದಲನೆಯದಕ್ಕೆ ಮೊದಲೇ ಯೋಚನೆ ಮಾಡುತ್ತಿದ್ದರು. ದಪ್ಪ ನಳಿಗೆ ನಮ್ಮ ಕೈಯ ತಪ್ಪನ್ನು ತೋರಿಸುತ್ತದೆ. ಕೈಯಲ್ಲಿ ಸಿದ್ಧವಾಗಿರುವ ಒಂಬತ್ತು ಗುಂಡು ಅದನ್ನು ಮರೆಸುತ್ತದೆ.

ಸೆಮಿ ಆಟೊಮ್ಯಾಟಿಕ್ ಪರವಾಗಿಯೂ ಒಳ್ಳೆಯ ಮಾತಿದೆ, ಮುಚ್ಚಿಡೋದಿಲ್ಲ. ಬೋಲ್ಟ್ ಎಳೆಯಲು ಕೈ ಎತ್ತಬೇಕಿಲ್ಲ, ಕಣ್ಣು ದುರ್ಬೀನಿನಲ್ಲೇ ಇರುತ್ತದೆ. ಗಾಯಗೊಂಡ ಪ್ರಾಣಿಗೆ ಎರಡನೇ ಗುಂಡು ಬೇಗ ಹೋಗುತ್ತದೆ, ಅದೇ ದಯೆ ಅನ್ನುತ್ತಾರೆ. ಒಪ್ಪಿದೆ. ಆದರೆ ಆ ದಯೆಗೆ ಒಂದು ಗುಂಡು ಸಾಕು, ಹತ್ತು ಬೇಡ. ಎಆರ್-15 ಮಾದರಿಯ ರೈಫಲ್ 2012ರ ಸ್ಯಾಂಡಿ ಹುಕ್, 2022ರ ಯುವಾಲ್ಡಿ ಶಾಲೆಗಳಲ್ಲಿ ಮಕ್ಕಳ ಮೇಲೆ ಏನು ಮಾಡಿತು ಅಂತ ಗೊತ್ತಿದ್ದೂ, ಅಳಿಲಿನ ಹೆಸರಿನಲ್ಲಿ ಅದನ್ನು ಬಾಡಿಗೆ ಮನೆಗೆ ತರಲು ನನಗಂತೂ ಮನಸ್ಸಿಲ್ಲ. ತರುವವರೆಲ್ಲ ಕೆಟ್ಟವರು ಅಂತಲ್ಲ, ನನಗೆ ಅದರ ಅಗತ್ಯ ಇಲ್ಲ.

ಇನ್ನೊಂದು ವಿಷಯ ರೈಫಲಿನದಲ್ಲ, ಗುಂಡಿನದು. ಬಾಯ್ಸಿಯ ದಕ್ಷಿಣಕ್ಕೆ ಸ್ನೇಕ್ ನದಿಯ ಕಣಿವೆಯಲ್ಲಿ ಬೇಟೆ ಹಕ್ಕಿಗಳಿಗಾಗಿಯೇ 1993ರಲ್ಲಿ ಘೋಷಿಸಿದ ಸಂರಕ್ಷಣಾ ಪ್ರದೇಶವಿದೆ. ಉತ್ತರ ಅಮೆರಿಕದಲ್ಲೇ ಅತಿ ದಟ್ಟವಾಗಿ ಇಂಥ ಹಕ್ಕಿಗಳು ಗೂಡು ಕಟ್ಟುವ ಜಾಗ. ಅಲ್ಲಿನ ಪ್ರೇರಿ ಫಾಲ್ಕನ್ ಮರಿಗಳಿಗೆ ಮುಖ್ಯ ಆಹಾರ ಇದೇ ನೆಲದಳಿಲು. ಸೀಸದ ಗುಂಡು ತಾಗಿದ ಅಳಿಲನ್ನು ಹೊಲದಲ್ಲೇ ಬಿಟ್ಟು ಬಂದರೆ, ಚೂರು ಚೂರಾದ ಸೀಸ ಹದ್ದು, ಗಿಡುಗಗಳ ಹೊಟ್ಟೆಗೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡು ನಿಷಿದ್ಧ. ಇಲ್ಲಿ ಹಾಗಿಲ್ಲ. ಆದರೆ ತಾಮ್ರದ .22 ಗುಂಡನ್ನು ಇದೇ ರಾಜ್ಯದ ಲೂಯಿಸ್ಟನ್ನಿನ ಸಿಸಿಐ ಕಂಪನಿಯೇ ಮಾರುತ್ತದೆ. ದುಬಾರಿ ನಿಜ. ಕಡಿಮೆ ಹೊಡೆಯುವವನಿಗೆ ದುಬಾರಿ ಅನ್ನಿಸೋದಿಲ್ಲ.

ಕೊನೆಗೆ ನಾನು ತಗೊಂಡದ್ದು ದಪ್ಪ ನಳಿಗೆಯ .22. ಸೆಮಿ ಆಟೊಮ್ಯಾಟಿಕ್ಕೇ, ಬೋಲ್ಟ್ ಅಲ್ಲ. ಕಾಗದದ ಗುರಿಗೆ ಮ್ಯಾಗಜೀನ್ ತುಂಬಿಸುತ್ತೇನೆ. ಹೊಲದಲ್ಲಿ ಎರಡೇ ಗುಂಡು: ಒಂದು ಗುರಿಗೆ, ಇನ್ನೊಂದು ನನ್ನ ತಪ್ಪಿಗೆ. ಹಿಂದೆ ಮಣ್ಣಿನ ದಿಬ್ಬ ಇಲ್ಲದಿದ್ದರೆ ಆ ಎರಡೂ ಇಲ್ಲ, ಯಾಕಂದ್ರೆ ಈ ಪುಟ್ಟ ಗುಂಡು ಕೂಡ ಒಂದು ಮೈಲಿ ದಾಟಬಲ್ಲದು, ಕಲ್ಲಿಗೆ ಬಡಿದು ಎತ್ತಲೋ ಸಿಡಿಯಬಲ್ಲದು.

ಹೋದ ಶನಿವಾರ ಅದೇ ಹೊಲಕ್ಕೆ ಮತ್ತೆ ಹೋಗಿದ್ದೆ. ಮೂರು ಗಂಟೆಯಲ್ಲಿ ಹನ್ನೊಂದು ಗುಂಡು ಹಾರಿಸಿದೆ. ಸಹೋದ್ಯೋಗಿ ಮುನ್ನೂರು ಖಾಲಿ ಮಾಡಿ, "ನಿನಗೆ ಬೇಜಾರಾಗಲ್ವಾ?" ಅಂತ ಕೇಳಿದ. ಅಜ್ಜನನ್ನು ಹಾಗೆ ಯಾರೂ ಕೇಳಿರಲಿಲ್ಲ.